‘ಗುಡ್’ ಯಾರ್‍ಯಾರ ಜೊತೆ ಓಡಾಡುತ್ತದೆ?

ಮುಂಬಯಿಯ ಮಾಟುಂಗದ ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ‘ಒಳ್ಳೆ ಬಿಸಿ ಇದೆ’ ಅನ್ನುತ್ತೇವೆ. ಅದು ಚಹಾದ ಗುಣಕ್ಕೆ ಕೊಟ್ಟ ಸರ್ಟಿಫಿಕೇಟಲ್ಲ, ಬಿಸಿ ಸರಿಯಾಗಿದೆ ಎಂದಷ್ಟೇ. ಇಂಗ್ಲಿಷಿನವರು ಇದನ್ನೇ ‘ನೈಸ್ ಆ್ಯಂಡ್ ಹಾಟ್’ ಅನ್ನುತ್ತಾರೆ. ಒಳ್ಳೆ ಮಳೆ, ಒಳ್ಳೆ ಏಟು ಅನ್ನುವ ನಮಗೆ ಅವರ ‘ಗುಡ್’ ಅರ್ಧ ಬಂದಂತೆಯೇ. ಉಳಿದರ್ಧಕ್ಕೆ ಒಂದು ನೋಟ್‌ಬುಕ್ ಸಾಕು.

ಮೊದಲನೆಯದಾಗಿ, ‘ಗುಡ್ ಎಂದರೆ ಒಳ್ಳೆಯದು’ ಎಂದು ಬರೆದುಕೊಳ್ಳಬೇಡಿ. ಜೋಡಿಯನ್ನೇ ಬರೆಯಿರಿ. ಲೆಕ್ಕದಲ್ಲಿ ಜಾಣನಾದರೆ ‘ಗುಡ್ ಅಟ್ ಮ್ಯಾಥ್ಸ್’. ನಮ್ಮ ‘ಲೆಕ್ಕದಲ್ಲಿ’ಯ ‘ಅಲ್ಲಿ’ಯನ್ನು ನಂಬಿ ‘ಗುಡ್ ಇನ್’ ಅಂದುಬಿಡುತ್ತೇವೆ. ಮಕ್ಕಳ ಜೊತೆ ಚೆನ್ನಾಗಿ ಹೊಂದಿಕೊಳ್ಳುವವರು ‘ಗುಡ್ ವಿತ್ ಚಿಲ್ಡ್ರನ್’. ಆರೋಗ್ಯಕ್ಕೆ ಒಳ್ಳೆಯದಾದದ್ದು ‘ಗುಡ್ ಫಾರ್ ಹೆಲ್ತ್’.

ಎರಡನೆಯದಾಗಿ, ಹೊಗಳಿಕೆಯೇ ಇಲ್ಲದ ಜೋಡಿಗಳಿಗೆ ಬೇರೆ ಪುಟವಿಡಿ. ಉಪನಗರ ಡೊಂಬಿವಲಿಯಿಂದ ಮುಂಬಯಿಯ ಸಿಎಸ್‌ಎಂಟಿ ಸ್ಟೇಷನ್ನಿಗೆ ಸ್ಲೋ ಲೋಕಲ್ ರೈಲು ಹಿಡಿದರೆ ‘ಎ ಗುಡ್ ಅವರ್’ ಬೇಕು. ನಿಂತೇ ಬಂದವರಿಗೆ ಅದರಲ್ಲಿ ಒಳ್ಳೆಯದೇನೂ ಕಾಣದು, ಗಂಟೆ ಮಾತ್ರ ಭರ್ತಿ! ‘ಆ್ಯಸ್ ಗುಡ್ ಆ್ಯಸ್ ಫಿನಿಶ್ಡ್’ ಎಂದರೆ ಹೆಚ್ಚುಕಡಿಮೆ ಮುಗಿದ ಹಾಗೇ. ‘ಎ ಗುಡ್ ಡೀಲ್’ಗೆ ಎರಡು ಮುಖ: ಅಂಗಡಿಯಲ್ಲಿ ಲಾಭದ ವ್ಯಾಪಾರ, ‘ಆಫ್’ ಸೇರಿದರೆ ಬಹಳಷ್ಟು.

ಈ ಪುಟದಲ್ಲಿ ‘ಫಾರ್ ಗುಡ್’ ಕೆಳಗೆ ಕೆಂಪು ಗೆರೆ ಎಳೆಯಿರಿ. ಅದರ ಅರ್ಥ ‘ಶಾಶ್ವತವಾಗಿ’. ಶುಭಕಾರ್ಯಕ್ಕೆ ಊರಿಗೆ ಹೊರಟವರು ರಜೆ ಅರ್ಜಿಯಲ್ಲಿ ‘ಗೋಯಿಂಗ್ ಟು ಉಡುಪಿ ಫಾರ್ ಗುಡ್’ ಎಂದು ಬರೆದರೆ ಸಾಹೇಬರು ಅದನ್ನು ರಾಜೀನಾಮೆ ಎಂದೇ ಓದಿಕೊಳ್ಳುತ್ತಾರೆ.

ಇನ್ನು ನಮಸ್ಕಾರ. ‘ಗುಡ್ ನೈಟ್’ ಹೊರಡುವಾಗಿನ ಮಾತು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ ಎಷ್ಟೋ ಹೋಟೆಲ್ ಹುಡುಗರು ದುಡಿದು ಬಂದು ಓದಿದರು. ಅಂಥ ಶಾಲೆಯಲ್ಲೂ, ಹೊರಗೆ ಕತ್ತಲಾಗಿದ್ದರೂ, ಒಳಬರುವಾಗ ಮೇಷ್ಟ್ರಿಗೆ ‘ಗುಡ್ ಈವ್ನಿಂಗ್’ ಎಂದೇ ಹೇಳಬೇಕು.

‘ವೆರಿ ಎಕ್ಸಲೆಂಟ್’ ಬಿಟ್ಟುಬಿಡಿ. ‘ಎಕ್ಸಲೆಂಟ್’ನಲ್ಲಿ ‘ಬಹಳ’ ಆಗಲೇ ಕೂತಿದೆ.

ಕೊನೆಗೆ ದನಿಯ ಅಭ್ಯಾಸ. ಭಾನುವಾರ ಸ್ಟೇಷನ್ನಿಗೆ ಹೋದ ಮೇಲೆ ಮೆಗಾಬ್ಲಾಕ್ (ರಿಪೇರಿಗೆಂದು ಲೋಕಲ್ ರೈಲುಗಳಿಗೆ ತಡೆ) ಎಂದು ಗೊತ್ತಾದರೆ ‘ಓ, ಗ್ರೇಟ್!’ ಎಂದು ಗೊಣಗಿ ನೋಡಿ. ‘ಒಳ್ಳೇ ಕತೆಯಾಯ್ತಲ್ಲ!’ ಅನ್ನುವಾಗಿನ ಅದೇ ರಾಗ ಬಂದರೆ ಸರಿಯಾಗಿ ಹೇಳಿದಿರಿ.