ಕೈಗಡ ಕೊಟ್ಟು ಕಲಿತದ್ದು

ಮಂಡ್ಯ ಕಡೆಯ ನಮ್ಮೂರಿನ ಸ್ತ್ರೀಶಕ್ತಿ ಸಂಘದ ಲೆಕ್ಕದ ಪುಸ್ತಕ 11 ವರ್ಷದಿಂದ ನನ್ನ ಕೈಯಲ್ಲಿದೆ. ನಾವು 16 ಜನ. ವಾರಕ್ಕೆ ತಲಾ 20 ರೂಪಾಯಿ ಕಟ್ಟುತ್ತ ಶುರು ಮಾಡಿದೆವು. ವಾರಕ್ಕೆ 320 ಆದರೂ ವರ್ಷ ತುಂಬುವಾಗ 16,640 ಆಗಿತ್ತು. ಅದನ್ನೇ ನಮ್ಮೊಳಗೆ ಸಾಲ ಕೊಡುತ್ತೇವೆ, ನೂರಕ್ಕೆ ತಿಂಗಳಿಗೆ 2 ರೂಪಾಯಿ ಬಡ್ಡಿ. ಆ ಬಡ್ಡಿಯೂ ಸಂಘದಲ್ಲೇ ಉಳಿಯುತ್ತದೆ.

ಇಷ್ಟೆಲ್ಲ ಗೊತ್ತಿದ್ದೂ ಒಮ್ಮೆ ತಪ್ಪಿದೆ. ಒಂದು ರಾತ್ರಿ ಗೆಳತಿ ಬಾಗಿಲು ಬಡಿದಳು. ಗಂಡನನ್ನು ಆಸ್ಪತ್ರೆಗೆ ಸೇರಿಸಬೇಕಿತ್ತು. ಮಗನ ಕಾಲೇಜಿನ ಫೀಸಿಗೆಂದು ಅಕ್ಕಿ ಡಬ್ಬದಲ್ಲಿಟ್ಟಿದ್ದ 5,000 ರೂಪಾಯಿ ತೆಗೆದುಕೊಟ್ಟೆ. ಯಾವಾಗ ಕೊಡ್ತೀಯ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಆಮೇಲೆ ಅವಳು ನಮ್ಮ ಮನೆ ಮುಂದಿನ ನಲ್ಲಿಗೆ ಬರುವುದನ್ನೇ ಬಿಟ್ಟಳು. ಕೊಡ ಹೊತ್ತು ಮೇಲಿನ ಬೀದಿಗೆ ಹೋಗುವುದು ಕಾಣುತ್ತಿತ್ತು. ಸಂಘಕ್ಕೂ ಬರಲಿಲ್ಲ. ದುಡ್ಡು ಹೋಯಿತಲ್ಲ ಅನ್ನುವುದಕ್ಕಿಂತ ಆ ಕೊಡ ನೋಡಿ ಹೆಚ್ಚು ಸಂಕಟವಾಗುತ್ತಿತ್ತು.

ಎಂಟು ತಿಂಗಳಾದ ಮೇಲೆ ನಾನೇ ಅವಳ ಮನೆಗೆ ಹೋದೆ. "ನನ್ನ ದುಡ್ಡಿನ ಮಾತು ಬೇಡ ಕಣೇ. ಬೇರೆ ಎಲ್ಲೆಲ್ಲಿ ಕೊಡ್ಬೇಕು, ಅದ್ ಹೇಳು" ಅಂದೆ. ಜಗಲಿ ಮೇಲೆ ಕೂತು ಮಗಳ ನೋಟ್‌ಬುಕ್ಕಿನ ಹಾಳೆಯಲ್ಲಿ ಒಂದೊಂದೇ ಬರೆದೆವು. ಅಂಗಡಿ ಬಾಕಿ, ಗೊಬ್ಬರದ ಬಾಕಿ ದೊಡ್ಡದೇನಲ್ಲ. ಕೊನೆಗೆ ಬಾಯಿ ಬಿಟ್ಟಳು: ಮೀಟರ್ ಬಡ್ಡಿಗೆ ತಂದ 10,000 ರೂಪಾಯಿ ಸಾಲ, ನೂರಕ್ಕೆ ತಿಂಗಳಿಗೆ 10 ರೂಪಾಯಿ ಬಡ್ಡಿ. ತಿಂಗಳಿಗೆ 1,000 ಕಟ್ಟುತ್ತಲೇ ಇದ್ದಾಳೆ, ಅಸಲು ಒಂದು ರೂಪಾಯಿಯೂ ಇಳಿದಿಲ್ಲ.

ಸಂಘದಲ್ಲಿ ವಿಷಯ ಇಟ್ಟಾಗ ಒಬ್ಬ ಹಿರಿಯಕ್ಕ, "ಉಳಿತಾಯನೇ ಕಟ್ಟದೋಳಿಗೆ ಸಾಲ ಹೆಂಗವ್ವ?" ಅಂದರು. ಅವರ ಮಾತು ನ್ಯಾಯವಾಗಿಯೇ ಇತ್ತು. ಅಲ್ಲಿರುವುದು ಕೂಲಿ ಮಾಡಿ ತಂದ ದುಡ್ಡು. ಅದಕ್ಕೇ ಸಾಲ ಕೊಡುವಾಗ ಷರತ್ತು ಹಾಕಿದೆವು. ದುಡ್ಡು ಅವಳ ಕೈಗೆ ಕೊಡಲಿಲ್ಲ. ನಾವಿಬ್ಬರು ಜೊತೆಗೆ ಹೋಗಿ, ಬಡ್ಡಿಯವನಿಗೆ 10,000 ಎಣಿಸಿಕೊಟ್ಟು, ಪ್ರೋನೋಟು ವಾಪಸ್ ಇಸಕೊಂಡು ಅಲ್ಲೇ ಹರಿದೆವು. ಹಾಲಿನ ಬಟವಾಡೆ ಬಂದಾಗ ಕಂತು ಕಟ್ಟಿ, ಹತ್ತು ತಿಂಗಳಲ್ಲಿ ತೀರಿಸಿದಳು. ಅಸಲು ಇಳಿದ ಹಾಗೆ ಬಡ್ಡಿಯೂ ಇಳಿದು, ಒಟ್ಟು ಬಡ್ಡಿ 1,100 ರೂಪಾಯಿ ಆಯಿತು. ಮೀಟರ್ ಬಡ್ಡಿಯಲ್ಲಾದರೆ ಒಂದೇ ತಿಂಗಳಿಗೆ ಹೆಚ್ಚುಕಮ್ಮಿ ಅಷ್ಟು ಹೋಗುತ್ತಿತ್ತು.

ನನ್ನ 5,000ವನ್ನು ಆಮೇಲೆ ಐನೂರರಂತೆ ಕೊಟ್ಟಳು. ಮೊದಲ ಸಲ ಬರೆಯಲು ನನಗೆ ಮುಜುಗರ. "ಮದುವೆ ಮನೇಲಿ ಮುಯ್ಯಿ ಬರೆಯಲ್ವಾ? ಬರಿ" ಅಂದಳು. ನಿಜ, ಮುಯ್ಯಿ ಪುಸ್ತಕದಲ್ಲಿ ಹೆಸರು ಬರೆಸಲು ಯಾರೂ ನಾಚುವುದಿಲ್ಲ. ಅವತ್ತು ರಾತ್ರಿಯೇ ಒಂದು ಚೀಟಿ ಬರೆದಿದ್ದರೆ ಅವಳು ಎಂಟು ತಿಂಗಳು ತಲೆ ತಗ್ಗಿಸಿ ಓಡಾಡಬೇಕಿರಲಿಲ್ಲ.

ಈಗ ಯಾರಾದರೂ ಕಷ್ಟ ಅಂತ ಬಂದರೆ, ವಾಪಸ್ ಬಾರದಿದ್ದರೂ ನನ್ನ ಮನೆ ನಡೆಯುವಷ್ಟನ್ನು, ಇನ್ನೂರೋ ಮುನ್ನೂರೋ, ಕೊಟ್ಟು ಮರೆತುಬಿಡುತ್ತೇನೆ. ಅದಕ್ಕಿಂತ ಹೆಚ್ಚು ಬೇಕಾದರೆ ಸಂಘಕ್ಕೆ ಕರೆದುಕೊಂಡು ಬರುತ್ತೇನೆ.

ಹೋದ ವಾರ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಸಾಲ ಕೇಳಿ ತಲೆ ತಗ್ಗಿಸಿ ಕೂತಿದ್ದಳು. ನಾನು ಬಾಯಿ ತೆರೆಯುವ ಮೊದಲೇ ಗೆಳತಿ ಅವಳ ಪಕ್ಕಕ್ಕೆ ಸರಿದು ಕೂತು ಕೇಳಿದಳು: "ಬೇರೆ ಎಲ್ಲೆಲ್ಲಿ ಕೊಡ್ಬೇಕು, ಮೊದ್ಲು ಅದ್ ಹೇಳವ್ವ."