ಐದು ಜನಕ್ಕೆ ಒಂದೇ ಹೊದಿಕೆ

ನರ್ಸಿಂಗ್ ಮುಗಿಸಿ ನಾಲ್ಕು ವರ್ಷ ವಾರ್ಡಿನಲ್ಲಿ ದುಡಿದ ಮೇಲೆ ನಾನು ಬೀದಿ ಮಕ್ಕಳಿಗೆ ಔಷಧಿ ಕೊಡುವ ಬೀದಿ ಕೆಲಸಕ್ಕೆ ಬಂದೆ. ಬೀದಿ ಅಂದರೆ ಬೆಂಗಳೂರಿನ ಮೆಜೆಸ್ಟಿಕ್ ಮತ್ತು ಕೆ.ಆರ್. ಮಾರ್ಕೆಟ್. ವಾರಕ್ಕೆ ಮೂರು ಸಂಜೆ ಹೋಗುತ್ತಿದ್ದೆವು. ಒಬ್ಬರು ಡಾಕ್ಟರು, ನಾನು, ಮಕ್ಕಳ ಜೊತೆ ಮಾತಾಡುವುದಕ್ಕೆಂದೇ ಒಬ್ಬ ಹುಡುಗ. ಅವನೂ ಚಿಕ್ಕವನಿದ್ದಾಗ ರೈಲ್ವೆ ಸ್ಟೇಷನ್ನಿನಲ್ಲೇ ಮಲಗಿ ಬೆಳೆದವನು. ಮಕ್ಕಳು ಮೊದಲು ನಂಬಿದ್ದು ಅವನನ್ನು. ಡಾಕ್ಟರನ್ನು ನಂಬಲು ಎರಡು ತಿಂಗಳು ಬೇಕಾಯಿತು.

ನನ್ನ ಮೊದಲ ಪಾಠ ಕಜ್ಜಿಯದು. ಫ್ಲೈಓವರ್ ಕೆಳಗೆ ಇರುವ ಒಬ್ಬ ಹುಡುಗನಿಗೆ ಬೆರಳ ಸಂದಿಯಲ್ಲೆಲ್ಲ ಗುಳ್ಳೆ. ಪರ್ಮೆಥ್ರಿನ್ ಮುಲಾಮಿನ ಟ್ಯೂಬು ಕೊಟ್ಟೆ. ರಾತ್ರಿ ಕುತ್ತಿಗೆಯಿಂದ ಕಾಲಿನವರೆಗೆ ಹಚ್ಚು, ಬೆಳಿಗ್ಗೆ ಸ್ನಾನ ಮಾಡು, ಒಂದು ವಾರ ಬಿಟ್ಟು ಇನ್ನೊಂದು ಸಲ ಹಚ್ಚಬೇಕು ಅಂತ ಹೇಳಿದೆ. ವಾರ ಕಳೆದು ಹೋದರೆ ಮೊದಲಿಗಿಂತ ಜಾಸ್ತಿ ಕೆರೆದುಕೊಳ್ಳುತ್ತಿದ್ದ. "ಹಚ್ಚಿಕೊಳ್ಳಲಿಲ್ವಾ?" ಅಂತ ರೇಗಿದೆ.

"ಹಚ್ಚಿದೆ ಅಕ್ಕ. ಎಲ್ಲರಿಗೂ ಸ್ವಲ್ಪ ಸ್ವಲ್ಪ ಕೊಟ್ಟೆ. ಅವರಿಗೂ ಕೆರೆಯುತ್ತೆ ಅಲ್ವಾ?"

ಅಣ್ಣತಮ್ಮಂದಿರು, ಚಿಕ್ಕಮ್ಮನ ಮಕ್ಕಳು ಸೇರಿ ಐದು ಜನ. ಮಲಗುವುದು ಒಂದೇ ಹೊದಿಕೆ ಅಡಿ. ನಾನು ಒಂದು ಮಗುವಿಗೆ ಔಷಧಿ ಕೊಟ್ಟಿದ್ದೆ, ಕಜ್ಜಿ ಇದ್ದದ್ದು ಹೊದಿಕೆಗೆ. ವಾರ್ಡಿನಲ್ಲಿ ಹಾಸಿಗೆಗೊಂದು ರೋಗಿ ನೋಡಿ ಅಭ್ಯಾಸವಾದವಳಿಗೆ ಇದು ಹೊಳೆದಿರಲೇ ಇಲ್ಲ.

ಮುಂದಿನ ಸಲ ಐವರಿಗೂ, ಅವರ ಅಪ್ಪ ಅಮ್ಮಂದಿರಿಗೂ ಒಂದೇ ರಾತ್ರಿ ಹಚ್ಚಿಸಿದೆವು. ಬಿಸಿನೀರಲ್ಲಿ ಬಟ್ಟೆ ಒಗೆಯಲು ಅಲ್ಲಿ ಒಲೆಯೂ ಇಲ್ಲ, ಪಾತ್ರೆಯೂ ಇಲ್ಲ. ಆದರೆ ಕಜ್ಜಿ ಹುಳ ಮೈಯಿಂದ ದೂರವಾದರೆ ಎರಡು ಮೂರು ದಿನಕ್ಕಿಂತ ಹೆಚ್ಚು ಬದುಕುವುದಿಲ್ಲ. ಹಾಗಾಗಿ ಹಳೇ ಬಟ್ಟೆ, ಹೊದಿಕೆ ಎಲ್ಲವನ್ನೂ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ ಒಂದು ವಾರ ಇಟ್ಟೆವು. ಅಷ್ಟು ದಿನಕ್ಕೆ ಬೇರೆ ಬಟ್ಟೆ ಕೊಟ್ಟೆವು. ಸ್ನಾನಕ್ಕೆ ಪಕ್ಕದ ಶೌಚಾಲಯದವರಿಗೆ ಮುಂಗಡ ದುಡ್ಡು. "ಔಷಧಿ ಖರ್ಚಲ್ಲಿ ಸ್ನಾನ ಯಾಕೆ ಬಂತು?" ಅಂತ ನಮ್ಮ ಲೆಕ್ಕದವರು ಕೇಳಿದರು. ಕಜ್ಜಿ ಹೋಯಿತಲ್ಲ ಅಂದೆ.

ಆಮೇಲಿಂದ ಒಂದು ಪದ್ಧತಿ ಮಾಡಿಕೊಂಡೆವು. ಒಂದೇ ಸಲಕ್ಕೆ ಮುಗಿಯುವ ಔಷಧಿಯಾದರೆ ಎದುರಿಗೇ ನುಂಗಿಸುವುದು. ಜಂತುಹುಳಕ್ಕೆ ಅಲ್ಬೆಂಡಜೋಲ್ ಹಾಗೆ. ಐದು ದಿನದ ಮಾತ್ರೆಯಾದರೆ ಮಗುವಿನ ಕೈಗೆ ಕೊಡುವುದಿಲ್ಲ, ಅಲ್ಲೇ ಇರುವ ಟೀ ಅಂಗಡಿಯವನ ಹತ್ತಿರ ಇಡುತ್ತೇವೆ.

ಮೆಜೆಸ್ಟಿಕ್ ಕಡೆ ಕಥೆ ಬೇರೆ. ಅಲ್ಲಿಯವರು ಮನೆ ಬಿಟ್ಟು ರೈಲಿನಲ್ಲಿ ಬಂದ ಮಕ್ಕಳು. 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಒಂಟಿ ಮಗು ಸಿಕ್ಕರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿ ಮುಂದೆ ಕರೆದೊಯ್ಯಬೇಕು. ಇದನ್ನು ಮಗುವಿನಿಂದ ಮುಚ್ಚಿಡಬಾರದು. ಗಾಯಕ್ಕೆ ಬ್ಯಾಂಡೇಜು ಕಟ್ಟುತ್ತಲೇ ಮುಂದೆ ಏನಾಗುತ್ತದೆ ಅಂತ ಹೇಳಿಬಿಡುತ್ತೇವೆ. ಮೋಸ ಹೋದ ಒಂದು ಮಗು ಇಪ್ಪತ್ತು ಮಕ್ಕಳಿಗೆ ಸುದ್ದಿ ಮುಟ್ಟಿಸುತ್ತದೆ. ಮಕ್ಕಳ ಸಹಾಯವಾಣಿಯ 1098 ನಂಬರನ್ನು ಹತ್ತು, ಒಂಬತ್ತು, ಎಂಟು ಅಂತ ಹಿಂದಕ್ಕೆ ಎಣಿಸುವ ಆಟದಂತೆ ಕಲಿಸಿದರೆ ಆರು ವರ್ಷದವರಿಗೂ ಮರೆಯುವುದಿಲ್ಲ.

ಇನ್ನೊಂದು ಮಾತು, ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ. ಮತ್ತಿಗಾಗಿ ಸೊಲ್ಯೂಷನ್ ಅನ್ನುವ ಅಂಟನ್ನು ಬಟ್ಟೆಗೆ ಹಾಕಿ ಮೂಸುತ್ತಿರುವ ಮಗುವನ್ನು ಅಟ್ಟಿಸಿಕೊಂಡು ಹೋಗಬೇಡಿ, ಬೆಚ್ಚಿಬೀಳಿಸಬೇಡಿ. ಆ ಹೊತ್ತಿನಲ್ಲಿ ಗಾಬರಿಯಿಂದ ಓಡಿದರೆ ಹೃದಯ ಬಡಿತ ತಪ್ಪಿ ಅಲ್ಲೇ ಜೀವ ಹೋಗಬಹುದು. ಮೆಲ್ಲಗೆ ಪಕ್ಕದಲ್ಲಿ ಕೂತು ಬಟ್ಟೆ ತುಂಡನ್ನು ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು.

ಮಾರ್ಕೆಟ್ಟಿನಲ್ಲಿ ನಸುಕಿಗೇ ಪ್ಲಾಸ್ಟಿಕ್ ಆಯುವ ಹುಡುಗಿಗೆ ಒಮ್ಮೆ ನಾಯಿ ಕಚ್ಚಿತು. ಹೆಗಲ ಮೇಲೆ ಚೀಲ ಕಂಡರೆ ನಾಯಿಗಳಿಗೆ ಆಗುವುದಿಲ್ಲ. ನಲ್ಲಿಯ ಕೆಳಗೆ ಸೋಪು ಹಾಕಿ 15 ನಿಮಿಷ ತೊಳೆದೆವು. ಅಮ್ಮ ಇದ್ದಳು, ಆದರೆ ಆಸ್ಪತ್ರೆಗೆ ಬಂದರೆ ಒಂದು ದಿನದ ಕೂಲಿ ಹೋಗುತ್ತದೆ, ನೀವೇ ಕರೆದುಕೊಂಡು ಹೋಗಿ ಅಂದಳು. ಕೌಂಟರಿನಲ್ಲಿ ಆಧಾರ್ ಎಲ್ಲಿ, ತಂದೆ ಎಲ್ಲಿ ಅಂತ ಒಂದು ಗಂಟೆ ನಿಲ್ಲಿಸಿದರು. ಜಗಳವಾಡಿ ಪ್ರಯೋಜನವಿಲ್ಲ. ಮರುದಿನದಿಂದ ಸೀಲು ಹಾಕಿದ ಪತ್ರ ಬ್ಯಾಗಿನಲ್ಲೇ ಇಟ್ಟುಕೊಂಡೆ.

ಚರ್ಮಕ್ಕೆ ಕೊಡುವ ರೇಬಿಸ್ ಲಸಿಕೆ ಮೊದಲ ದಿನ, ಅದನ್ನು ಸೊನ್ನೆ ಅಂತ ಎಣಿಸಿ ಆಮೇಲೆ 3, 7, 28ನೇ ದಿನ. ಮೊದಲ ಮೂರು ಸುಲಭ, ನೋವು ಇನ್ನೂ ನೆನಪಿರುತ್ತದೆ. 28ನೇ ದಿನಕ್ಕೆ ಮಕ್ಕಳು ಸಿಗುವುದೇ ಇಲ್ಲ. ಕಾರ್ಡು ಹುಡುಗಿಯ ಹತ್ತಿರ ಉಳಿಯುವುದಿಲ್ಲ ಅಂತ ಅಲ್ಲೇ ಹೂವು ಮಾರುವ ಒಬ್ಬ ಅಜ್ಜಿಯ ದುಡ್ಡಿನ ಡಬ್ಬಿಯಲ್ಲಿ ಇಟ್ಟೆವು. ಅಜ್ಜಿಗೆ ಓದು ಬಾರದು. ತಾರೀಖು ಹೇಳಿದೆ. ಅದು ಬೇಡ ಅಂದಳು. ಮೊದಲ ಸೂಜಿ ಯಾವತ್ತು, ಅಮಾವಾಸ್ಯೆ ಮಾರನೇ ದಿನ ಅಲ್ವಾ? ಹಾಗಾದರೆ ಕೊನೇದು ಮುಂದಿನ ಅಮಾವಾಸ್ಯೆಗೆ. ಎಣಿಸಿ ನೋಡಿದೆ, ಸರಿಯಾಗಿತ್ತು.

ಆ ದಿನ ಬೆಳಿಗ್ಗೆ ಹೋದಾಗ ಮಾರ್ಕೆಟ್ಟಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಹುಡುಗಿ ಸೇವಂತಿಗೆ ಮೂಟೆ ಹಿಂದೆ ನಿದ್ದೆ ಮಾಡುತ್ತಿದ್ದಳು.

"ರಾತ್ರಿಯೇ ಕರ್ಕೊಂಡು ಬಂದು ಮಲಗಿಸಿದೀನಿ, ತಪ್ಪಿಸ್ಕೋತಾಳೆ ಅಂತ," ಅಂದಳು ಅಜ್ಜಿ. "ಬೇಗ ಹೋಗಿ ಬೇಗ ವಾಪಸ್ ಬಿಡಮ್ಮ. ಇವತ್ತು ಹೂವು ಕೊಡೋಕೆ ನಂಗೊಂದು ಕೈ ಬೇಕು."