ಮದುವೆ ಡಿವಿಡಿ, ಯಕ್ಷಗಾನದ ವಿಡಿಯೋ: ಡಿ ಡ್ರೈವ್‌ಗೆ ಹಾಕಿದರೆ ಸಾಕಾ?

ಶಿರಸಿ ಕಡೆ ಮಳೆಗಾಲದಲ್ಲಿ ಬೂಷ್ಟು ಹಿಡಿಯದ ವಸ್ತು ಯಾವುದಿದೆ ಹೇಳಿ. ಚಪ್ಪಲಿ, ಬೆಲ್ಟು, ಕಪಾಟಿನ ಸೀರೆ, ಅದರ ಪಕ್ಕದಲ್ಲಿಟ್ಟ ಮದುವೆ ಡಿವಿಡಿ ಕೂಡ. ಕಾರವಾರ, ಕುಮಟಾದವರಿಗೆ ಉಪ್ಪುಗಾಳಿಯ ಕಾಟ ಬೇರೆ. ಇತ್ತ ಮನೆ ಕಂಪ್ಯೂಟರಿನ ಡಿ ಡ್ರೈವ್‌ನಲ್ಲಿ ಅರ್ಧಕ್ಕರ್ಧ ಜಾಗ ಸುಮ್ನೆ ಖಾಲಿ ಬಿದ್ದಿರುತ್ತದೆ. ಮದುವೆ, ಉಪನಯನ, ರಾತ್ರಿಯಿಡೀ ಕೂತು ಚಿತ್ರೀಕರಿಸಿದ ಯಕ್ಷಗಾನದ ಆಟ, ಊರಿನ ಹುಡುಗರು ಮಾಡಿದ ಕಿರುಚಿತ್ರ, ಎಲ್ಲವನ್ನೂ ಅಲ್ಲಿಗೆ ಹಾಕಿಡಬಹುದು.

ಮೊದಲು ಒಂದು ವಿಷಯ ನೋಡಿಕೊಳ್ಳಿ. ಸ್ಟಾರ್ಟ್ ಬಟನ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಕೆಳಗಡೆ ಡಿಸ್ಕ್ 0, ಡಿಸ್ಕ್ 1 ಅಂತ ಸಾಲುಗಳು ಕಾಣುತ್ತವೆ. ಸಿ, ಡಿ ಎರಡೂ ಡಿಸ್ಕ್ 0 ಸಾಲಿನಲ್ಲೇ ಇದ್ದರೆ ಅದು ಒಂದೇ ಹಾರ್ಡ್‌ಡಿಸ್ಕ್, ಒಂದೇ ಮನೆಯ ಎರಡು ಕೋಣೆ ಇದ್ದ ಹಾಗೆ. ಸಿಯಲ್ಲಿದ್ದದ್ದನ್ನು ಡಿಗೆ ನಕಲು ಮಾಡಿ ಬ್ಯಾಕಪ್ ಆಯ್ತು ಅಂತ ನಿಶ್ಚಿಂತೆಯಾಗಿ ಇರುವವರೇ ಜಾಸ್ತಿ. ವಿಂಡೋಸ್ ಕೆಟ್ಟು ಸಿ ಫಾರ್ಮ್ಯಾಟ್ ಮಾಡಬೇಕಾಗಿ ಬಂದಾಗ ಅದು ಉಪಯೋಗಕ್ಕೆ ಬರುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಡಿಸ್ಕೇ ಸತ್ತರೆ ಎರಡೂ ಒಟ್ಟಿಗೇ ಹೋಗುತ್ತವೆ. ಡಿ ಅನ್ನುವುದು ಡಿಸ್ಕ್ 1ರಲ್ಲಿ ಬೇರೆಯಾಗಿ ಇದ್ದರೆ ಅರ್ಧ ಗೆದ್ದಂತೆ.

ಇನ್ನು ಜಾಗದ ಲೆಕ್ಕ. 1 ಟಿಬಿ ಡಿಸ್ಕ್ ವಿಂಡೋಸ್‌ನಲ್ಲಿ 931 ಜಿಬಿ ಅಂತಲೇ ಕಾಣುತ್ತದೆ, ಅಂಗಡಿಯವರು ಮೋಸ ಮಾಡಿದ್ದಲ್ಲ, ಎಣಿಸುವ ರೀತಿ ಬೇರೆ ಅಷ್ಟೇ. 4.7 ಜಿಬಿ ಅಂತ ಬರೆದಿರುವ ಡಿವಿಡಿಯೂ ಹಾಗೇ, ತುಂಬಿದರೆ ಸುಮಾರು 4.37. ಅಂದರೆ 400 ಜಿಬಿ ಖಾಲಿ ಇದ್ದರೆ ಸುಮಾರು 90 ತುಂಬಿದ ಡಿಸ್ಕ್ ಹಿಡಿಯುತ್ತದೆ. ಸಿ ಡ್ರೈವ್ ಮಾತ್ರ ತುಂಬಿಸಬೇಡಿ, ಕಂಪ್ಯೂಟರ್ ತೆವಳುತ್ತದೆ.

ಬೂಷ್ಟು ಹಿಡಿದ ಡಿಸ್ಕನ್ನು ಹಾಗೇ ಡ್ರೈವ್‌ಗೆ ತುರುಕಬೇಡಿ. ನೀರಿಗೆ ಒಂದು ಹನಿ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಮೆತ್ತಗಿನ ಹತ್ತಿ ಬಟ್ಟೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಗುಂಡಗೆ ಉಜ್ಜಬಾರದು, ಗೀರು ಬಿದ್ದರೆ ಓದುವ ದಾರಿಯುದ್ದಕ್ಕೂ ಬೀಳುತ್ತದೆ. ಥಿನ್ನರ್ ಹತ್ತಿರವೂ ತರಬೇಡಿ. ನೆರಳಲ್ಲಿ ಒಣಗಿಸಿ.

ಸ್ಟುಡಿಯೋದವರು ಮಾಡಿಕೊಟ್ಟ ಮದುವೆ ಡಿವಿಡಿಗೆ ಸಾಮಾನ್ಯವಾಗಿ ನಕಲು ತಡೆಯುವ ಬೀಗ ಇರುವುದಿಲ್ಲ. ತೆರೆದರೆ ವಿಡಿಯೋ ಟಿಎಸ್ ಅನ್ನುವ ಫೋಲ್ಡರ್ ಇರುತ್ತದೆ, ಒಳಗೆ ಹೆಚ್ಚೆಂದರೆ 1 ಜಿಬಿಯ ವಿಒಬಿ ಅನ್ನುವ ವಿಡಿಯೋ ತುಂಡುಗಳು, ಜೊತೆಗೆ ಸಣ್ಣ ಸಣ್ಣ ಫೈಲ್‌ಗಳು. ದೊಡ್ಡವನ್ನು ಮಾತ್ರ ಆರಿಸಬೇಡಿ, ಪೂರ್ತಿ ಫೋಲ್ಡರ್ ನಕಲು ಮಾಡಿ. ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್‌ನಲ್ಲಿ ಆ ಫೋಲ್ಡರ್ ತೆರೆದರೆ ಮೆನು ಸಮೇತ ಬರುತ್ತದೆ. ಅರ್ಧಕ್ಕೆ ನಿಂತು ಎರರ್ ಕೊಟ್ಟರೆ ಬೇರೆ ಡಿವಿಡಿ ಡ್ರೈವ್‌ನಲ್ಲಿ ಹಾಕಿ ನೋಡಿ, ಒಂದು ಓದದ್ದನ್ನು ಇನ್ನೊಂದು ಓದುವುದುಂಟು.

ಅಂಗಡಿಯಲ್ಲಿ ಕೊಂಡ ಸಿನಿಮಾ ಡಿಸ್ಕ್‌ಗಳ ಕತೆ ಬೇರೆ. ಅವುಗಳಲ್ಲಿ ಹೆಚ್ಚಿನವಕ್ಕೆ ಬೀಗ ಇರುತ್ತದೆ, ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಅದನ್ನು ಮುರಿಯುವುದು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯ ನಂತರ ಅಪರಾಧ. ಓಟಿಟಿ ಆ್ಯಪ್‌ನಲ್ಲಿ ಡೌನ್‌ಲೋಡ್ ಮಾಡಿದ್ದು ಆ ಆ್ಯಪ್ ಬಿಟ್ಟು ಬೇರೆಲ್ಲೂ ತೆರೆಯುವುದಿಲ್ಲ, ನಕಲು ಮಾಡಿ ಪ್ರಯೋಜನವಿಲ್ಲ.

ನಕಲಾದ ಮೇಲೆ ಸರಿಯಾಗಿದೆಯಾ ಅಂತ ಪರೀಕ್ಷಿಸುವ ಕೆಲಸವನ್ನು ಎಲ್ಲರೂ ಬಿಟ್ಟುಬಿಡುತ್ತಾರೆ. ಟೆರಾಕಾಪಿ ಅನ್ನುವ ನಕಲು ಮಾಡುವ ತಂತ್ರಾಂಶದಲ್ಲಿ ವೆರಿಫೈ ಆಯ್ಕೆ ಇದೆ, ಎರಡೂ ಕಡೆಯ ಫೈಲನ್ನು ಓದಿ ಹೋಲಿಸಿ ಹೇಳುತ್ತದೆ. ಹೊತ್ತು ಹಿಡಿಯುತ್ತದೆ, ಹಿಡಿಯಲಿ. ಜಾಗ ಉಳಿಸಲು ಹ್ಯಾಂಡ್‌ಬ್ರೇಕ್ ಅನ್ನುವ ವಿಡಿಯೋ ಬದಲಿಸುವ ತಂತ್ರಾಂಶದಲ್ಲಿ ಎಂಪಿ4 ಮಾಡಿಕೊಳ್ಳಬಹುದು, ಆದರೆ ಮೂಲ ಅಳಿಸಬೇಡಿ. ನಮ್ಮ ಕಡೆಯ ಡಿವಿಡಿ ಚಿತ್ರ 720×576, ಅದನ್ನು 1080ಕ್ಕೆ ಏರಿಸಿದರೆ ಫೈಲ್ ದಪ್ಪ ಆಗುತ್ತದೆಯೇ ಹೊರತು ಮದುಮಗಳ ಮುಖವೇನೂ ಸ್ಪಷ್ಟವಾಗುವುದಿಲ್ಲ.

ಎರಡನೇ ಪ್ರತಿ ಯುಎಸ್‌ಬಿ ಹಾರ್ಡ್‌ಡಿಸ್ಕ್‌ನಲ್ಲಿ ಇರಲಿ. ಪೆನ್‌ಡ್ರೈವ್ ಎಫ್ಎಟಿ32 ಅನ್ನುವ ಹಳೇ ಫಾರ್ಮ್ಯಾಟ್‌ನಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಹಿಡಿಯುವುದಿಲ್ಲ, ಎಷ್ಟೇ ಖಾಲಿ ಇದ್ದರೂ ಅಷ್ಟೇ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿ, ಒಳಗಿರುವುದನ್ನು ಮೊದಲು ಬೇರೆ ಕಡೆ ತೆಗೆದಿಟ್ಟುಕೊಂಡು.

ಎರಡನೇ ಪ್ರತಿಯ ಆ ಯುಎಸ್‌ಬಿ ಡಿಸ್ಕನ್ನು ಕಂಪ್ಯೂಟರಿಗೆ ಸದಾ ಸಿಕ್ಕಿಸಿಡಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಸಿಡಿಲು ಕರೆಂಟಿನ ತಂತಿ ಹಿಡಿದು ಒಳಗೆ ಬಂದರೆ ಪ್ಲಗ್‌ನಲ್ಲಿರುವುದೆಲ್ಲ ಹೋಗುತ್ತದೆ, ಸಿಕ್ಕಿಸಿಟ್ಟ ಡಿಸ್ಕೂ ಸೇರಿ. ಯುಪಿಎಸ್ ಇದೆಯಲ್ಲ ಅನ್ನಬೇಡಿ, ಅದು ಕರೆಂಟು ಹೋದಾಗ ನಕಲು ಅರ್ಧಕ್ಕೆ ನಿಲ್ಲದ ಹಾಗೆ ನೋಡಿಕೊಳ್ಳುತ್ತದೆ, ಸಿಡಿಲಿಗೆ ಅಡ್ಡ ನಿಲ್ಲುವುದಿಲ್ಲ. ಡಿಸ್ಕನ್ನು ಗಾಳಿಯಾಡದ ಡಬ್ಬಿಯಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣದ ಜೊತೆ ಇಡಿ. ಅಂಕೋಲಾದಲ್ಲೋ ಹುಬ್ಬಳ್ಳಿಯಲ್ಲೋ ಅಕ್ಕನ ಮನೆ ಇದ್ದರೆ ಅಲ್ಲೇ ಇಟ್ಟುಬಿಡಿ, ಹಬ್ಬಕ್ಕೆ ಹೋದಾಗ ಒಮ್ಮೆ ಸಿಕ್ಕಿಸಿ ನಾಲ್ಕಾರು ಫೈಲ್ ಓಡಿಸಿ ನೋಡಿದರಾಯಿತು.

ಫೋಲ್ಡರಿಗೆ ಹೆಸರು ಹಾಕುವಾಗ ವರ್ಷ, ಊರು, ಕಾರ್ಯಕ್ರಮ, ಆಟವಾದರೆ ಪ್ರಸಂಗ ಮತ್ತು ಭಾಗವತರ ಹೆಸರು ಬರೆಯಿರಿ. ವರ್ಷ ಮೊದಲು ಬಂದರೆ ಪಟ್ಟಿ ತಾನಾಗೇ ಸಾಲಾಗಿ ಕೂರುತ್ತದೆ.